ಹೊಸ ಯಂತ್ರ ಕಟ್ಟಿದವರ ಮನೋಭಾವ ಎಂಥದ್ದು? ಓದುಗರ ಪ್ರಶ್ನೆಗೊಂದು ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ನಮ್ಮೂರು ಬ್ಯಾಡಗಿಯ ಹತ್ತಿರ. ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಸಣ್ಣ ಯಂತ್ರವೊಂದನ್ನು ಮಾಡಬೇಕೆಂಬ ಆಸೆ ಕೆಲವು ವರ್ಷಗಳಿಂದ ಇದೆ. ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ನಕ್ಷೆ ಬರೆದಿದ್ದೇನೆ, ಯಂತ್ರ ಮಾತ್ರ ಆಗಿಲ್ಲ. ಯಶಸ್ವಿ ಆವಿಷ್ಕಾರಕರ ಅಭ್ಯಾಸಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ನಸುಕಿನಲ್ಲಿ ಏಳುವುದು, ಧ್ಯಾನ ಮಾಡುವುದು, ದಿನಚರಿ ಬರೆಯುವುದು ಎಲ್ಲವನ್ನೂ ಪಾಲಿಸಿ ನೋಡಿದೆ. ಇಂಥ ಮನೋಭಾವ ಹುಟ್ಟಿನಿಂದಲೇ ಬರುವುದೇ? ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯುವ ಧೈರ್ಯ ನನ್ನಲ್ಲಿ ಇಲ್ಲದಿರುವುದೇ ಇದಕ್ಕೆಲ್ಲ ಕಾರಣವೇ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಅದೇ ಎಂದು ಪತ್ರದಿಂದ ತೋರುತ್ತದೆ. ಕೆಲಸ ಬಿಡದಿರುವುದು ದೋಷವಲ್ಲ. ವಿಮಾನವನ್ನು ಕಟ್ಟಿದ ರೈಟ್ ಸಹೋದರರು 1903ರಲ್ಲಿ ಮೊದಲ ಸಲ ಹಾರುವವರೆಗೂ ತಮ್ಮ ಸೈಕಲ್ ಅಂಗಡಿಯನ್ನು ಮುಚ್ಚಿರಲಿಲ್ಲ. ಬೇಸಿಗೆಯಲ್ಲಿ ಸೈಕಲ್ ವ್ಯಾಪಾರ, ಅದರ ಭರಾಟೆ ಇಳಿದ ಮೇಲೆ ಪ್ರಯೋಗ, ಮತ್ತೆ ಚಳಿಗಾಲದಲ್ಲಿ ಮುಂದಿನ ವರ್ಷದ ಸೈಕಲ್ಲುಗಳ ತಯಾರಿ ಎಂಬಂತೆ ಅವರ ವರ್ಷಗಳು ಸಾಗುತ್ತಿದ್ದವು. ಅಂಗಡಿಯ ಲಾಭದಿಂದಲೇ ಪ್ರಯೋಗ ನಡೆಯಿತು, ಆ ಇಡೀ ಸಾಹಸಕ್ಕೆ ತಗುಲಿದ ವೆಚ್ಚ ಸಾವಿರ ಡಾಲರಿಗಿಂತ ಕಡಿಮೆ. ಹಾಗಾಗಿ ನಿಮ್ಮ ಸಂಬಳವನ್ನು ಪ್ರಯೋಗದ ಬಂಡವಾಳವೆಂದೇ ತಿಳಿಯಿರಿ.

ಇನ್ನು ಅಭ್ಯಾಸಗಳ ಪಟ್ಟಿಗಳ ವಿಷಯ. ಗೆದ್ದವರು ಗೆದ್ದ ಮೇಲೆ ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಅವು ಹೇಳುತ್ತವೆ. ಅದೇ ಹೊತ್ತಿಗೆ ಎದ್ದು, ಅದೇ ಧ್ಯಾನ ಮಾಡಿ, ಏನನ್ನೂ ಹೊಸದಾಗಿ ಮಾಡದ ಲಕ್ಷಾಂತರ ಜನರ ಲೆಕ್ಕವನ್ನು ಅವು ಇಡುವುದಿಲ್ಲ. ನಸುಕಿನಲ್ಲಿ ಏಳುವ ಮಾತು ಬಂದಾಗ ನನಗೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ನೆನಪಾಗುತ್ತಾರೆ. ಗ್ರಾಮೀಣ ಕೃಷಿಯಂತ್ರಗಳಿಗಾಗಿ 2022ರಲ್ಲಿ ಪದ್ಮಶ್ರೀ ಪಡೆದ ಈ ರೈತರಿಗೂ ಬೆಳಿಗ್ಗೆ ಬೇಗ ಏಳುವುದು ಕಷ್ಟವಾಗಿತ್ತು. ಅವರು ಮನಸ್ಸನ್ನು ಗಟ್ಟಿಮಾಡಿಕೊಳ್ಳುವ ಸಂಕಲ್ಪ ತೊಡಲಿಲ್ಲ. ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಜೋಡಿಸಿದರು. ಅಲಾರಾಂ ಹೊಡೆದು ಕೀಲಿ ತಿರುಗಿದಾಗ ದಾರ ಎಳೆದು ಬಾಟಲಿ ವಾಲುತ್ತಿತ್ತು, ನೀರು ಮುಖದ ಮೇಲೆ ಬೀಳುತ್ತಿತ್ತು. ಬೇಗ ಎದ್ದದ್ದರಿಂದ ಅವರು ಆವಿಷ್ಕಾರಕರಾಗಲಿಲ್ಲ. ಏಳಲಾಗದ ತೊಂದರೆಯನ್ನು ಕೈಯಲ್ಲಿದ್ದ ಮೂರು ವಸ್ತುಗಳಿಂದ ಅಂದೇ ಎದುರಿಸಿದರಲ್ಲ, ಆ ನಡೆಯಲ್ಲಿ ಅವರ ಮುಂದಿನ ಕೆಲಸಗಳ ಗುಣವೆಲ್ಲ ಇದೆ. ಒಣಭೂಮಿಯಲ್ಲಿ ಬೇರೆ ಹಣ್ಣಿನ ಗಿಡಗಳು ಕೈಕೊಟ್ಟಾಗ ಹುಣಸೆ ಹಾಕಿದರು. ಹುಣಸೆ ಫಲ ಕೊಟ್ಟ ಮೇಲೆ ಬೀಜ ಬಿಡಿಸುವ ಕೂಲಿ ಹೊರೆಯಾಯಿತು, ಅದಕ್ಕೆ ಯಂತ್ರ ಬಂತು. ಮುಂದೆ ಬಿತ್ತನೆಯ ಕೂರಿಗೆಯ ತನಕ ಒಂದೊಂದು ಯಂತ್ರವೂ ಹೊಲದಲ್ಲಿ ಎದುರಾದ ತೊಡಕಿನಿಂದಲೇ ಹುಟ್ಟಿತು.

ಮನೋಭಾವವೆಂಬುದನ್ನು ಹತ್ತಿರದಿಂದ ನೋಡಬೇಕಾದರೆ ರೈಟ್ ಸಹೋದರರ ಉದಾಹರಣೆಗೆ ಸಮನಾದದ್ದು ಕಡಿಮೆ. ಅವರು ಗೆದ್ದ ಮೇಲೆ ಹೇಳಿದ ಕಥೆಯೊಂದಿಗೆ, ಗೆಲ್ಲುವ ಮೊದಲು ಬರೆದ ಪತ್ರಗಳು, ಅಳತೆಯ ಪುಸ್ತಕಗಳು, ತೆಗೆದ ಛಾಯಾಚಿತ್ರಗಳು ಉಳಿದಿವೆ. ಮುಂದೇನಾಗುವುದೋ ಗೊತ್ತಿಲ್ಲದ ದಿನಗಳಲ್ಲಿ ಅವರು ಹೇಗೆ ಯೋಚಿಸಿದರು ಎಂಬುದು ಅಲ್ಲಿ ಕಾಣುತ್ತದೆ. ಅಣ್ಣ ವಿಲ್ಬರ್ ಹುಟ್ಟಿದ್ದು 1867ರಲ್ಲಿ, ತಮ್ಮ ಆರ್ವಿಲ್ 1871ರಲ್ಲಿ. ಊರು ಅಮೆರಿಕದ ಓಹಾಯೋ ರಾಜ್ಯದ ಡೇಟನ್. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೆ ಪಾದ್ರಿಯಾಗಿದ್ದ ತಂದೆಯ ಮನೆಯಲ್ಲಿ ಪುಸ್ತಕಗಳಿಗೆ ಕೊರತೆ ಇರಲಿಲ್ಲ, ಪ್ರಶ್ನೆ ಕೇಳುವುದಕ್ಕೆ ತಡೆಯೂ ಇರಲಿಲ್ಲ.

1899ರ ಮೇ 30ರಂದು ವಿಲ್ಬರ್ ಅವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಹಾರಾಟದ ಬಗ್ಗೆ ಆವರೆಗೆ ಪ್ರಕಟವಾಗಿದ್ದ ಬರಹಗಳನ್ನು ಕೇಳಿ ತರಿಸಿಕೊಂಡರು. ಬಂದದ್ದನ್ನೆಲ್ಲ ಓದಿದ ಮೇಲೆ ಅವರು ಕೇಳಿಕೊಂಡ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು. ಹಾರಬೇಕಾದರೆ ಎತ್ತುವ ರೆಕ್ಕೆ ಬೇಕು, ದೂಡುವ ಎಂಜಿನ್ ಬೇಕು, ಗಾಳಿಯಲ್ಲಿ ಸಮತೋಲ ಕಾಯುವ ಉಪಾಯ ಬೇಕು. ಮೊದಲ ಎರಡರ ಮೇಲೆ ಬಹಳ ಮಂದಿ ದುಡಿದಿದ್ದರು, ಮೂರನೆಯದು ಹಾಗೆಯೇ ಬಿದ್ದಿತ್ತು. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗ್ಲೈಡರಿಗೆ, ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ಜಾರುವ ರೆಕ್ಕೆಯ ಯಂತ್ರಕ್ಕೆ, ಜೋತುಬಿದ್ದು, ಮೈಯನ್ನು ಆಚೀಚೆ ವಾಲಿಸಿ ತೂಗಿಸಿಕೊಳ್ಳುತ್ತಿದ್ದರು. 1896ರಲ್ಲಿ ಬಿದ್ದು ತೀರಿಕೊಂಡರು. ಸಹೋದರರು ಸೈಕಲ್ ವ್ಯಾಪಾರಿಗಳಾಗಿದ್ದುದರಿಂದ, ನಿಂತಲ್ಲಿ ಬೀಳುವ ವಾಹನವನ್ನು ಓಡಿಸುತ್ತಾ ಬೀಳದಂತೆ ಇಟ್ಟುಕೊಳ್ಳಬಹುದು, ಸಮತೋಲವನ್ನು ಸವಾರ ಕ್ಷಣಕ್ಷಣಕ್ಕೂ ಕಾಯ್ದುಕೊಳ್ಳಬಹುದು, ಅದನ್ನು ಕಲಿಯಬಹುದು ಎಂಬುದು ಅವರಿಗೆ ಮೈಗೂಡಿದ ಅರಿವಾಗಿತ್ತು. ಉಳಿದವರು ತಾನಾಗಿಯೇ ಅಲುಗದೆ ನಿಲ್ಲುವ ವಿಮಾನವನ್ನು ಹುಡುಕುತ್ತಿದ್ದಾಗ ಇವರು ಓಡಿಸಲು ಕಲಿಯಬಹುದಾದ ವಿಮಾನವನ್ನು ಹುಡುಕಿದರು.

ಅಂದರೆ ಅವರ ಮೊದಲ ಅಭ್ಯಾಸ, ದೊಡ್ಡ ಪ್ರಶ್ನೆಯನ್ನು ಬಿಡಿಸಿ, ಅದರಲ್ಲಿ ಯಾವ ತುಂಡು ಸಿಗದಿದ್ದರೆ ಉಳಿದದ್ದೆಲ್ಲ ವ್ಯರ್ಥವೋ ಅದನ್ನು ಮೊದಲು ಕೈಗೆತ್ತಿಕೊಳ್ಳುವುದು. ಅದು ಹೇಳಿದಷ್ಟು ಸುಲಭವಲ್ಲ. ನಮಗೆ ಬರುವ ಕೆಲಸವನ್ನು ಮೊದಲು ಮಾಡುವುದು ಎಲ್ಲರ ಸ್ವಭಾವ. ನಕ್ಷೆ ಬರೆಯಲು ಬರುವವರು ನಕ್ಷೆ ಬರೆಯುತ್ತಲೇ ಇರುತ್ತೇವೆ.

ಸೈಕಲ್ ಟ್ಯೂಬು ಬರುತ್ತಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಗಿರಾಕಿಯೊಡನೆ ಮಾತನಾಡುತ್ತಾ ಕೈಯಲ್ಲಿ ತಿರುಚುತ್ತಿದ್ದಾಗ, ರೆಕ್ಕೆಗಳನ್ನೂ ಹೀಗೆಯೇ ತಿರುಚಿ ವಿಮಾನವನ್ನು ಎಡಬಲಕ್ಕೆ ವಾಲಿಸಬಹುದೆಂದು ವಿಲ್ಬರ್ ಅವರಿಗೆ ಹೊಳೆಯಿತು ಎಂಬ ಪ್ರಸಂಗವನ್ನು ನೀವು ಕೇಳಿರಬಹುದು. ಹೊಳೆದದ್ದನ್ನೇ ಎಲ್ಲರೂ ಹೇಳುತ್ತಾರೆ. ಅದಾದ ಕೆಲವೇ ದಿನಗಳಲ್ಲಿ ಅವರು ಐದಡಿ ಅಗಲದ ಗಾಳಿಪಟ ಕಟ್ಟಿ, ಹಗ್ಗಗಳಿಂದ ರೆಕ್ಕೆ ತಿರುಚಿ, ಅದು ಮಾತು ಕೇಳುತ್ತದೆಯೇ ಎಂದು ಹೊಲದಲ್ಲಿ ಪರೀಕ್ಷಿಸಿದ್ದನ್ನು ನಾನು ಹೆಚ್ಚು ಗಮನಿಸುತ್ತೇನೆ. ಎಂಜಿನ್ ಇಲ್ಲ, ಮನುಷ್ಯ ಇಲ್ಲ, ಖರ್ಚೂ ಇಲ್ಲ. ಮುಂದಿನ ವರ್ಷ, ಅಂದರೆ 1900ರಲ್ಲಿ, ಹವಾಮಾನ ಇಲಾಖೆಯ ಅಂಕಿಗಳನ್ನು ನೋಡಿ ಗಾಳಿ ಹೆಚ್ಚಿರುವ, ಬಿದ್ದರೆ ಪೆಟ್ಟಾಗದಂತೆ ಮರಳಿರುವ ಕಿಟಿ ಹಾಕ್ ಎಂಬ ಕಡಲತೀರವನ್ನು ಆರಿಸಿಕೊಂಡು, ಮನುಷ್ಯನನ್ನು ಹೊರುವ ಗ್ಲೈಡರ್ ಒಯ್ದರು. ಆ ವರ್ಷ ಅದನ್ನೂ ಬಹುಪಾಲು ಗಾಳಿಪಟದಂತೆಯೇ ಹಾರಿಸಿದರು.

1901ರಲ್ಲಿ ದೊಡ್ಡ ಗ್ಲೈಡರ್ ಕಟ್ಟಿದಾಗ ಪೆಟ್ಟು ಬಿತ್ತು. ಲೆಕ್ಕಕ್ಕೆ ತಕ್ಕಷ್ಟು ಎತ್ತುವ ಬಲ ಬರಲಿಲ್ಲ, ಮೂರನೇ ಒಂದು ಭಾಗದಷ್ಟೇ ಬಂತು. ರೆಕ್ಕೆ ತಿರುಚಿದಾಗ ಯಂತ್ರ ಕೆಲವೊಮ್ಮೆ ತಿರುಗಬೇಕಾದ ದಿಕ್ಕಿನ ವಿರುದ್ಧಕ್ಕೆ ಹೊರಳಿತು. ಇಬ್ಬರೂ ತೀರ ಕುಗ್ಗಿ ಊರಿಗೆ ಮರಳಿದರು. ನಿಮಗಿರುವಂಥ ನಿರಾಶೆ ಅವರಿಗೂ ಇತ್ತು, ನಿಮಗಿಂತ ಹೆಚ್ಚೇ ಇದ್ದಿರಬೇಕು. ವ್ಯತ್ಯಾಸವಿರುವುದು ನಿರಾಶೆಯ ನಂತರದ ತಿಂಗಳುಗಳಲ್ಲಿ. ರೆಕ್ಕೆಯ ಎತ್ತುವ ಬಲದ ಬಗ್ಗೆ ಲಿಲಿಯೆಂಥಾಲ್ ಮಾಡಿಟ್ಟಿದ್ದ ಅಂಕಿಗಳ ಕೋಷ್ಟಕವನ್ನೂ, ಗಾಳಿಯ ಒತ್ತಡದ ಲೆಕ್ಕಕ್ಕೆ 18ನೇ ಶತಮಾನದಿಂದ ಬಳಕೆಯಲ್ಲಿದ್ದ ಗುಣಾಂಕವನ್ನೂ ಜಗತ್ತೇ ನಂಬಿತ್ತು. ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುವ ಇಬ್ಬರು ಅದನ್ನು ಸುಮ್ಮನೆ ಅಲ್ಲಗಳೆದಿದ್ದರೆ ಅದು ಉದ್ಧಟತನವಾಗುತ್ತಿತ್ತು, ಸುಮ್ಮನೆ ಒಪ್ಪಿದ್ದರೆ ಅಲ್ಲಿಗೇ ಕೆಲಸ ನಿಲ್ಲುತ್ತಿತ್ತು. ಅವರು ಎರಡನ್ನೂ ಮಾಡದೆ ತಾವೇ ಅಳೆಯಲು ಕುಳಿತರು.

ಆ ಅಳತೆಯ ಉಪಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸುಮಾರು ಆರಡಿ ಉದ್ದದ, ಹದಿನಾರು ಇಂಚು ಚೌಕದ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ಅಂಗಡಿಯ ಯಂತ್ರಗಳನ್ನು ತಿರುಗಿಸುವ ಎಂಜಿನ್ನಿಗೇ ಪಟ್ಟಿ ಕಟ್ಟಿ ಓಡಿಸಿದ ಫ್ಯಾನು. ಒಳಗೆ ನೋಡಲು ಮೇಲೆ ಗಾಜು. ಇದೇ ಅವರ ಗಾಳಿ ಸುರಂಗ. ಒಳಗಿನ ತಕ್ಕಡಿಗಳನ್ನು ಗರಗಸದ ಹಳೆಯ ಬ್ಲೇಡು ಮತ್ತು ಸೈಕಲ್ ಚಕ್ರದ ಕಡ್ಡಿಗಳಿಂದ ಮಾಡಿಕೊಂಡಿದ್ದರು. ಅಂಗೈಯಲ್ಲಿ ಹಿಡಿಸುವಂಥ ಲೋಹದ ರೆಕ್ಕೆಗಳನ್ನು ತಗಡು ಬಡಿದು ಮಾಡಿ, ಒಂದೊಂದನ್ನೂ ಬೇರೆ ಬೇರೆ ಕೋನದಲ್ಲಿಟ್ಟು ಬಂದ ಅಳತೆಯನ್ನು ಬರೆದುಕೊಂಡರು. ಸುಮಾರು 200 ಆಕಾರಗಳನ್ನು ಮೇಲುಮೇಲೆ ಪರೀಕ್ಷಿಸಿ, ಅವುಗಳಲ್ಲಿ ಐವತ್ತಕ್ಕೂ ಕಡಿಮೆ ಆಕಾರಗಳನ್ನು ಕೂಲಂಕಷವಾಗಿ ಅಳೆದರು. ಕೋಣೆಯಲ್ಲಿ ಯಾರಾದರೂ ಓಡಾಡಿದರೆ ಗಾಳಿಯ ಹರಿವು ಕದಲಿ ಅಳತೆ ತಪ್ಪುತ್ತದೆಂದು ಕಂಡುಕೊಂಡ ಮೇಲೆ, ಕೋಣೆಯ ದೊಡ್ಡ ಸಾಮಾನು ಯಾವುದನ್ನೂ ಸರಿಸಕೂಡದು, ನೋಡುವವನು ಪ್ರತಿ ಸಲವೂ ಅದೇ ಜಾಗದಲ್ಲೇ ನಿಲ್ಲಬೇಕು ಎಂಬ ನಿಯಮ ಹಾಕಿಕೊಂಡರು. ಮನೋಭಾವವೆಂದರೆ ನನಗೆ ನೆನಪಾಗುವುದು ಈ ನಿಯಮ. ತಮಗೆ ಬೇಕಾದ ಉತ್ತರ ಬರಲಿ ಎಂದು ಕಾಯುವವರು ಇಷ್ಟು ಶಿಸ್ತು ಇಟ್ಟುಕೊಳ್ಳುವುದಿಲ್ಲ. ಇರುವ ಉತ್ತರವೇ ಬರಲಿ ಎನ್ನುವವರು ಮಾತ್ರ ತಾವು ನಿಲ್ಲುವ ಜಾಗವನ್ನೂ ಅಳತೆಯ ಭಾಗವೆಂದು ತಿಳಿಯುತ್ತಾರೆ.

ಕೆಲವೇ ವಾರಗಳ ಆ ಕೆಲಸದಿಂದ ತಿಳಿದದ್ದೇನೆಂದರೆ, ಹಳೆಯ ಗುಣಾಂಕ 0.005 ಎಂಬುದು ತೀರ ಹೆಚ್ಚು, ಅವರ ಲೆಕ್ಕದಲ್ಲಿ ಅದು 0.0033ರ ಆಸುಪಾಸು. ಲಿಲಿಯೆಂಥಾಲರ ಕೋಷ್ಟಕವೋ, ಅವರು ಶಂಕಿಸಿದಷ್ಟು ತಪ್ಪಾಗಿರಲಿಲ್ಲ. ಹಿರಿಯರ ತಪ್ಪನ್ನು ತೋರಿಸಲು ಹೊರಟ ಅಳತೆ ಹಿರಿಯರ ಪರವಾಗಿಯೂ ಸಾಕ್ಷಿ ನುಡಿದಾಗ ಅದನ್ನು ಅಷ್ಟೇ ಸರಳವಾಗಿ ಅವರು ಒಪ್ಪಿಕೊಂಡರು.

1902ರ ಗ್ಲೈಡರನ್ನು ಈ ಅಂಕಿಗಳ ಮೇಲೆ ಕಟ್ಟಿದರು. ಆ ಶರತ್ಕಾಲದಲ್ಲಿ ಮರಳ ದಿಬ್ಬದಿಂದ ನೂರಾರು ಸಲ ಜಾರಿ ಹಾರಿ, ಒಂದು ಹಾರಾಟದಲ್ಲಿ 622 ಅಡಿ ದಾಟಿದರು. ಆದರೂ ತಿರುಗುವಾಗ ಯಂತ್ರ ಒಮ್ಮೊಮ್ಮೆ ಒಂದು ಬದಿಗೆ ಜಾರಿ ಮರಳಿಗೆ ಬಡಿಯುತ್ತಿತ್ತು. ಹೆಚ್ಚು ಕಾಫಿ ಕುಡಿದು ನಿದ್ರೆ ಬಾರದ ಒಂದು ರಾತ್ರಿ, ಹಿಂದೆ ಅಲುಗದಂತೆ ಜೋಡಿಸಿದ್ದ ಚುಕ್ಕಾಣಿಯನ್ನು ತಿರುಗುವಂತೆ ಮಾಡಬೇಕು ಎಂದು ಆರ್ವಿಲ್ ಅವರಿಗೆ ತೋಚಿತು. ಬೆಳಿಗ್ಗೆ ಹೇಳಿದಾಗ ವಿಲ್ಬರ್ ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಅದನ್ನು ರೆಕ್ಕೆ ತಿರುಚುವ ಹಗ್ಗಕ್ಕೇ ಕಟ್ಟಿಬಿಡೋಣ, ಎರಡೂ ಒಟ್ಟಿಗೆ ಕೆಲಸ ಮಾಡಲಿ ಎಂದರು. ಒಬ್ಬರ ಯೋಚನೆ ಇನ್ನೊಬ್ಬರ ಕೈಯಲ್ಲಿ ಹೀಗೆ ಪೂರ್ತಿಯಾಯಿತು. ಇವರಿಬ್ಬರ ವಾದಗಳು ಹೆಸರುವಾಸಿ. ಪ್ರೊಪೆಲ್ಲರಿನ ಬಗ್ಗೆ ಗಂಟೆಗಟ್ಟಲೆ ಕೂಗಾಡಿದ ಮೇಲೆ ಅಣ್ಣ ತಮ್ಮನ ಪಕ್ಷಕ್ಕೂ ತಮ್ಮ ಅಣ್ಣನ ಪಕ್ಷಕ್ಕೂ ಬದಲಾಗಿರುತ್ತಿದ್ದರಂತೆ. ಒಮ್ಮತ ಮಾತ್ರ ಮೊದಲಿನಷ್ಟೇ ದೂರ. ಇಂಥ ವಾದ ಸಾಧ್ಯವಾಗುವುದು ಇಬ್ಬರಿಗೂ ತಮ್ಮ ಮಾತು ಗೆಲ್ಲುವುದಕ್ಕಿಂತ ಯಂತ್ರ ಹಾರುವುದು ಮುಖ್ಯವಾಗಿದ್ದಾಗ. ಒಬ್ಬಂಟಿಯಾಗಿ ಕಂಪ್ಯೂಟರಿನ ಮುಂದೆ ಕುಳಿತಿರುವ ನಿಮಗೆ ಇಂಥ ಒಬ್ಬ ಎದುರುವಾದಿ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಧೈರ್ಯದ ಮಾತಿಗೂ ಇಲ್ಲೇ ಬರುತ್ತೇನೆ. ಸಮಸ್ಯೆಯೊಂದರ ಜೊತೆ ಬಹುಕಾಲ ಉಳಿದು ನಿಜವಾಗಿ ಏನನ್ನಾದರೂ ಕಲಿಯಬೇಕೆನ್ನುವವನು ಅಪಾಯಕ್ಕೆ ಕೈ ಹಾಕಬಾರದು ಎಂಬರ್ಥದ ಮಾತನ್ನು ವಿಲ್ಬರ್ 1900ರಲ್ಲಿ ತಂದೆಗೆ ಬರೆದಿದ್ದರು. ಅದಕ್ಕೆ ತಕ್ಕಂತೆ ನೆಲಕ್ಕೆ ಹತ್ತಿರದಲ್ಲೇ ಹಾರುತ್ತಿದ್ದರು, ಮರಳ ಮೇಲೆ ಇಳಿಯುತ್ತಿದ್ದರು. ಅದೇ ಕಾಲದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ಬಳಿ ಸೇನಾ ಇಲಾಖೆ ಕೊಟ್ಟ 50,000 ಡಾಲರ್ ಇತ್ತು, ಸಹೋದರರ ಎಂಜಿನ್ನಿಗಿಂತ ಎಷ್ಟೋ ಪಟ್ಟು ಬಲಶಾಲಿಯಾದ ಎಂಜಿನ್ ಇತ್ತು. 1896ರಲ್ಲಿ ಅವರ ಉಗಿಯಂತ್ರದ ಮಾದರಿ ವಿಮಾನ ಅರ್ಧ ಮೈಲಿಗೂ ಹೆಚ್ಚು ದೂರ ಹಾರಿಯೂ ಇತ್ತು. ಲ್ಯಾಂಗ್ಲಿ ದಡ್ಡರಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಅವರನ್ನು ಹಾಸ್ಯಮಾಡುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಸಣ್ಣ ಮಾದರಿಯಿಂದ ಮನುಷ್ಯನನ್ನು ಹೊತ್ತ ಪೂರ್ಣ ಯಂತ್ರಕ್ಕೆ ಒಂದೇ ಜಿಗಿತದಲ್ಲಿ ದಾಟಿದರು. ನಡುವೆ ಗ್ಲೈಡರಿನಲ್ಲಿ ಹಾರುವುದನ್ನು ಯಾರೂ ಕಲಿಯಲಿಲ್ಲ. 1903ರ ಅಕ್ಟೋಬರ್ 7 ಮತ್ತು ಡಿಸೆಂಬರ್ 8ರಂದು ಯಂತ್ರ ಪೊಟೊಮ್ಯಾಕ್ ನದಿಗೆ ಬಿತ್ತು. ಎರಡನೆಯದಾದ ಒಂಬತ್ತು ದಿನಕ್ಕೆ, ಡಿಸೆಂಬರ್ 17ರಂದು, ಆರ್ವಿಲ್ ಅವರು 12 ಸೆಕೆಂಡಿನಲ್ಲಿ 120 ಅಡಿ ಹಾರಿದರು. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹೋದರು. ಅಷ್ಟು ಹೊತ್ತಿಗೆ ಸಹೋದರರಿಬ್ಬರೂ ಗಾಳಿಯಲ್ಲಿ ಪಳಗಿದ ಸವಾರರಾಗಿದ್ದರು.

ಇಬ್ಬರೇ ಎಲ್ಲವನ್ನೂ ಮಾಡಿದರೆಂದು ತಿಳಿಯಬೇಡಿ. ಅವರ ಎಂಜಿನ್ನನ್ನು ಆರು ವಾರಗಳಲ್ಲಿ ಅಂಗಡಿಯ ಲೇತಿನ ಮೇಲೆ ಕಡೆದವರು ಕೆಲಸಗಾರ ಚಾರ್ಲಿ ಟೇಲರ್. ಶಿಕಾಗೋದ ಹಿರಿಯ ಎಂಜಿನಿಯರ್ ಆಕ್ಟೇವ್ ಚನೂಟ್ ಅವರು ನೂರಾರು ಪತ್ರಗಳ ಮೂಲಕ ಪ್ರಶ್ನೆ ಕೇಳುತ್ತಾ, ಹುರಿದುಂಬಿಸುತ್ತಾ ಬಂದರು. ಮನೆಯ ಭಾರವನ್ನು ಶಾಲಾ ಶಿಕ್ಷಕಿಯಾಗಿದ್ದ ತಂಗಿ ಕ್ಯಾಥರಿನ್ ಹೊತ್ತಿದ್ದರು.

ಇನ್ನೊಂದು ವಿಷಯವನ್ನು ಮರೆಮಾಡಬಾರದು. 1905ರ ಅಕ್ಟೋಬರಿನಲ್ಲಿ 39 ನಿಮಿಷ, 24 ಮೈಲಿ ಹಾರಿದ ಮೇಲೆ, ತಮ್ಮ ಯಂತ್ರದ ಗುಟ್ಟನ್ನು ಯಾರಾದರೂ ಕದ್ದಾರೆಂಬ ಭಯದಿಂದ ಎರಡೂವರೆ ವರ್ಷ ಅವರು ಹಾರಲೇ ಇಲ್ಲ. 1906ರಲ್ಲಿ ಪೇಟೆಂಟ್ ಸಿಕ್ಕಿತು, ಮುಂದೆ ಕೋರ್ಟು ಕಚೇರಿಗಳಲ್ಲಿ ವರ್ಷಗಳು ಕಳೆದವು. ಚನೂಟ್ ಅವರೊಡನೆಯೂ ಮನಸ್ತಾಪವಾಯಿತು. 1912ರಲ್ಲಿ ವಿಲ್ಬರ್ ಟೈಫಾಯಿಡಿನಿಂದ ತೀರಿಕೊಂಡರು. ಎಲ್ಲರಿಗೂ ಪತ್ರ ಬರೆದು ಕೇಳಿ ಕಲಿತವರು ಕೊನೆಗೆ ಬಾಗಿಲು ಮುಚ್ಚಿಕೊಂಡರು. ಆ ಭಯ ಪೂರ್ತಿ ನಿರಾಧಾರವೇನಲ್ಲ, ಆದರೆ ಏನನ್ನೂ ಕಟ್ಟುವ ಮೊದಲೇ ನನ್ನ ಯೋಚನೆಯನ್ನು ಯಾರಾದರೂ ಕದಿಯುತ್ತಾರೆ ಎಂದು ನಕ್ಷೆ ಬಚ್ಚಿಡುವವರಿಗೆ ಕದಿಯಲು ಏನೂ ಇರುವುದಿಲ್ಲ.

ಸಹೋದರರಿಗೆ ಒಂದು ಅನುಕೂಲವಿತ್ತು: ಯಂತ್ರವನ್ನು ಬಳಸುವವರು ಅವರೇ. ನಿಮ್ಮ ಸ್ಥಿತಿ ಬೇರೆ, ಅದು ಜೈಪುರ ಪಾದದ ಕಥೆಗೆ ಹತ್ತಿರ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆವೈದ್ಯ ಡಾ. ಪಿ.ಕೆ. ಸೇಠಿ ಅವರೂ ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೂ ಸೇರಿ ಕೃತಕ ಪಾದವನ್ನು ರೂಪಿಸಿದರು. ವಿದೇಶಿ ಪಾದ ಬೂಟಿನೊಳಗೆ ಇರಬೇಕಾದದ್ದು. ನಮ್ಮ ಜನ ಬರಿಗಾಲಲ್ಲಿ ನಡೆಯುವವರು, ಕುಕ್ಕರುಗಾಲಲ್ಲಿ ಕೂರುವವರು, ಚಕ್ಕಳಮಕ್ಕಳ ಹಾಕಿ ಊಟ ಮಾಡುವವರು, ಗದ್ದೆಯ ಕೆಸರಿಗೆ ಇಳಿಯುವವರು. ಆಸ್ಪತ್ರೆಯಿಂದ ಕೃತಕ ಕಾಲು ಪಡೆದವರು ಅದನ್ನು ಮೂಲೆಗಿಟ್ಟು ಊರುಗೋಲನ್ನೇ ಹಿಡಿಯುತ್ತಿದ್ದುದರ ಕಾರಣ ಅದು. ಓದು ಹೆಚ್ಚಿಲ್ಲದ ಶರ್ಮಾ ಅವರಿಗೆ ಟೈರಿಗೆ ಹೊಸ ರಬ್ಬರ್ ಹಾಕುವ ಅಂಗಡಿಯ ಕೆಲಸದಿಂದ ದಾರಿ ಸಿಕ್ಕಿತು, ಸೇಠಿ ಅವರ ವೈದ್ಯಜ್ಞಾನ ಅದಕ್ಕೆ ಆಧಾರವಾಯಿತು. ಬಳಸುವವರ ದಿನವನ್ನು ಅವರಿಬ್ಬರೂ ಕಣ್ಣಾರೆ ನೋಡಿದ್ದರು.

ಈಗ ನಿಮ್ಮ ಮೆಣಸಿನಕಾಯಿಗೆ ಬರೋಣ. ನಿಮ್ಮ ಯಂತ್ರದಲ್ಲಿ ಕಾಯಿ ಸುರಿಯುವ ಬುಟ್ಟಿ, ಸಾಗಿಸುವ ಪಟ್ಟಿ, ಮೋಟಾರು, ಧೂಳು ಹೀರುವ ಫ್ಯಾನು ಇವೆಲ್ಲ ಇರಬಹುದು. ಅವೆಲ್ಲ ಬೇರೆ ಯಂತ್ರಗಳಲ್ಲಿ ಆಗಲೇ ಇವೆ, ಪೇಟೆಯಲ್ಲಿ ಸಿಗುತ್ತವೆ. ಸಿಗದೇ ಇರುವ ತುಂಡು ಒಂದೇ: ಕಾಯಿ ಒಡೆಯದೆ, ಬೀಜ ಚೆಲ್ಲದೆ ತೊಟ್ಟು ಮಾತ್ರ ಬಿಡುವುದು ಯಾವ ಬಲಕ್ಕೆ, ಯಾವ ಕೋನದ ಎಳೆತಕ್ಕೆ, ಕಾಯಿಯಲ್ಲಿ ಎಷ್ಟು ತೇವ ಇದ್ದಾಗ? ತುಂಬ ಒಣಗಿದರೆ ಕಾಯಿ ಪುಡಿಯಾಗಬಹುದು, ತೇವ ಹೆಚ್ಚಾದರೆ ತೊಟ್ಟು ಮುರಿಯದೆ ಬಾಗಬಹುದು. ಸುಕ್ಕುಗಟ್ಟಿದ ಉದ್ದನೆಯ ಕಡ್ಡಿ ತಳಿಗೂ ದುಂಡಗಿನ ಡಬ್ಬಿ ತಳಿಗೂ ಉತ್ತರ ಒಂದೇ ಇರಲಾರದು. ಈ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಉತ್ತರವಿಲ್ಲ. ಕೊಕ್ಕೆಯಿರುವ ಸಣ್ಣ ಸ್ಪ್ರಿಂಗ್ ತಕ್ಕಡಿ, ಕಾಯಿ ಹಿಡಿಯುವ ಒಂದು ಚಿಮುಟ, ತೂಕ ನೋಡುವ ಅಕ್ಕಸಾಲಿಗರ ತಕ್ಕಡಿ ಇದ್ದರೆ ಸಾಕು. ಒಂದೇ ಚೀಲದ ಕಾಯಿಗಳನ್ನು ಭಾಗ ಮಾಡಿ, ಒಂದಿಷ್ಟನ್ನು ಬಿಸಿಲಿಗೆ, ಒಂದಿಷ್ಟನ್ನು ನೆರಳಿಗೆ, ಒಂದಿಷ್ಟನ್ನು ಸ್ವಲ್ಪ ನೀರು ಚಿಮುಕಿಸಿ ಇಡಿ. ನೂರಾರು ಕಾಯಿಗಳನ್ನು ಒಂದೊಂದಾಗಿ ಎಳೆದು, ಬಲ ಎಷ್ಟು, ಕಾಯಿ ಉಳಿಯಿತೋ ಒಡೆಯಿತೋ ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ನಿಮ್ಮ ದಿನಚರಿ ಬರೆಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಟ್ಟ ಫಲಿತಾಂಶಗಳನ್ನೂ ಬಿಡದೆ ಬರೆಯಿರಿ, ಏಕೆಂದರೆ ಯಾವ ಕಾಯಿ ಏಕೆ ಒಡೆಯಿತು ಎಂಬುದರಲ್ಲೇ ನಿಮ್ಮ ಯಂತ್ರದ ಹಿಡಿತದ ಆಕಾರ ಅಡಗಿದೆ.

ಇದರ ಜೊತೆಗೆ, ತೊಟ್ಟು ಬಿಡಿಸುವ ಹೆಂಗಸರ ಪಕ್ಕದಲ್ಲಿ ಅವರು ಒಪ್ಪಿದರೆ ಕೆಲವು ದಿನ ಕುಳಿತು ನೀವೂ ಬಿಡಿಸಿ. ಅವರ ಬೆರಳು ಎಳೆಯುತ್ತದೆಯೋ, ತಿರುಚುತ್ತದೆಯೋ, ಮುರಿಯುತ್ತದೆಯೋ ಎಂಬುದನ್ನು ನೋಡಿ. ನಿಮಗೆ ಬೇಕಾದ ಕೋನ ಆ ಬೆರಳುಗಳಿಗೆ ಆಗಲೇ ಗೊತ್ತಿರುತ್ತದೆ. ಘಾಟಿಗೆ ಕೈ, ಕಣ್ಣು, ಮೂಗು ಹೇಗೆ ಉರಿಯುತ್ತವೆ ಎಂಬುದೂ ತಿಳಿಯುತ್ತದೆ. ಈ ಕೂಲಿಯ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತದೆ ಎಂಬುದನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬ ವರ್ತಕನ ಗೋದಾಮಿನಲ್ಲಿ ನಿಲ್ಲುವ ದೊಡ್ಡ ಯಂತ್ರವೋ, ನಾಲ್ಕೈದು ಹೆಂಗಸರು ಸೇರಿ ಕೊಂಡು ತಾವೇ ನಡೆಸಬಲ್ಲ ಸಣ್ಣ ಯಂತ್ರವೋ ಎಂಬ ತೀರ್ಮಾನ ಮೋಟಾರಿನ ಗಾತ್ರದಿಂದ ಹಿಡಿದು ಬೆಲೆಯವರೆಗೆ ಎಲ್ಲವನ್ನೂ ಬದಲಿಸುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ.

ಹುಟ್ಟುಗುಣದ ಬಗ್ಗೆ ಕೇಳಿದಿರಿ. ಕುತೂಹಲ ಒಬ್ಬೊಬ್ಬರಲ್ಲಿ ಹುಟ್ಟಿನಿಂದಲೇ ಹೆಚ್ಚಿರಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಇಲ್ಲಿ ಹೇಳಿದ ಯಾವ ಅಭ್ಯಾಸವೂ ಕಲಿಯಲಾಗದ್ದಲ್ಲ. ಇವೆಲ್ಲ ಇದ್ದೂ ಸೋತವರೂ ಇದ್ದಾರೆ, ಸರಿಯಾದ ಕಾಲ, ಆರೋಗ್ಯ, ಜೊತೆಗಾರರು ಒದಗಿ ಬರಬೇಕಾಗುತ್ತದೆ. ಹಾಗಾಗಿ ಗೆಲುವಿನ ಭರವಸೆಯನ್ನು ನಾನು ಕೊಡಲಾರೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿಯ ಆವಕ ಏರುವುದು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಷ್ಟರೊಳಗೆ ತಕ್ಕಡಿ, ಚಿಮುಟ, ಅಳತೆಯ ಪುಸ್ತಕ ಸಿದ್ಧವಿರಲಿ. ಕಾರ್ಖಾನೆಯಲ್ಲಿ ನಿಮ್ಮ ಮಾತನ್ನು ಸುಲಭಕ್ಕೆ ಒಪ್ಪದ ಸಹೋದ್ಯೋಗಿ ಯಾರಾದರೂ ಇದ್ದರೆ ಅವರನ್ನೂ ಒಂದು ಭಾನುವಾರ ಊರಿಗೆ ಕರೆದುಕೊಂಡು ಹೋಗಿ.